ಸತ್ರೂ ತಗೊಳಲ್ಲ ಭಾವ!

ನನ್ನ ಹೆಂಡತಿಯ ಕೊನೆಯ ತಮ್ಮನಿಗೆ ಮೂವತ್ತೆಂಟು ದಾಟಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಹನ್ನೆರಡು ಜನರ ಮೇಲೆ ಮ್ಯಾನೇಜರು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಇಣುಕಿದೆ. ಮನೆಯವರಿಗೆಲ್ಲ ಅವನು ಇನ್ನೂ ಪುಟ್ಟ. ಆದರೆ ರಾತ್ರಿ ಹನ್ನೊಂದರ ಮೇಲೆ, ಹೆಂಡತಿ ಮಗಳು ಮಲಗಿದ ನಂತರ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಟಿವಿ ಮುಂದೆ ಕೂತಾಗ ಅವನ ಹೆಸರು ಬೇರೆ: ಕಾಲಭೈರವ 86. ಎಂಬತ್ತಾರು ತಾನು ಹುಟ್ಟಿದ ವರ್ಷ ಅಂತ ಅವನು ಹೇಳಿಕೊಳ್ಳುತ್ತಾನೆ. ಬರೀ ಕಾಲಭೈರವ ಅನ್ನುವ ಹೆಸರನ್ನು ಅಷ್ಟು ಹೊತ್ತಿಗೆ ಇನ್ಯಾರೋ ಹೊಡೆದುಕೊಂಡು ಹೋಗಿದ್ದರು ಅನ್ನುವುದು ಅವನ ಹೆಂಡತಿಯಿಂದ ನಮಗೆ ತಿಳಿದ ವಿಷಯ.

ಪುಟ್ಟ ಗೇಮರ್. ‘ಆಟಗಾರ’ ಅಂತ ನಾನೊಮ್ಮೆ ಕನ್ನಡದಲ್ಲಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಂಡ. ಆಟಗಾರ ಅಂದರೆ ಬಿಸಿಲಲ್ಲಿ ಓಡುವವನಂತೆ. ಇವನು ಓಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ಕರೆಂಟು ಹೋದಾಗ ಯುಪಿಎಸ್ ಕಡೆಗೆ.

ನಿಜ ಹೇಳಬೇಕೆಂದರೆ ಅವನು ಆಡುವುದನ್ನು ನಾನು ನೋಡಿರುವುದು ಕಮ್ಮಿ, ಬೈಯುವುದನ್ನು ನೋಡಿರುವುದು ಜಾಸ್ತಿ. ಜಪಾನಿನಲ್ಲೋ ಅಮೆರಿಕದಲ್ಲೋ ಯಾರೋ ಹೊಸ ಕನ್ಸೋಲ್, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ, ತರುತ್ತೇವೆ ಅಂತ ಬಾಯಿ ಬಿಟ್ಟರೆ ಸಾಕು, ಇಲ್ಲಿ ತ್ಯಾಗರಾಜನಗರದಲ್ಲಿ, ನಮ್ಮ ಮನೆಯ ಮೇಲಿನ ಎರಡನೇ ಮಹಡಿಯಲ್ಲಿ ಪುಟ್ಟನ ಬಿಪಿ ಏರುತ್ತದೆ. ಆಕಾರ ಸರಿಯಿಲ್ಲ, ಹೆಸರು ಸರಿಯಿಲ್ಲ, ಬೆಲೆಯಂತೂ ಹಗಲುದರೋಡೆ. ಮದುವೆ ಊಟದಲ್ಲಿ ಸಾರಿಗೆ ಉಪ್ಪಿಲ್ಲ, ಪಾಯಸಕ್ಕೆ ಸಿಹಿಯಿಲ್ಲ ಅಂತ ಮುಖ ಸಿಂಡರಿಸಿಕೊಂಡೇ ಮೂರು ಸಲ ಬಡಿಸಿಕೊಳ್ಳುವ ಬೀಗರ ಕಡೆಯವರನ್ನು ನೀವು ನೋಡಿರುತ್ತೀರಿ. ಅದೇ ತಳಿ.

ಒಂದು ಸಂಜೆಯನ್ನೇ ತೆಗೆದುಕೊಳ್ಳಿ. 2024ರ ಸೆಪ್ಟೆಂಬರ್ 10, ಮಂಗಳವಾರ. ಹಿಂದಿನ ಶನಿವಾರ ಗಣೇಶನ ಹಬ್ಬ ಆಗಿತ್ತು. ಡಬ್ಬಿಯಲ್ಲಿ ಚಕ್ಕುಲಿ ಇನ್ನೂ ಇತ್ತು, ಬೀದಿ ಕೊನೆಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಹಲೋ ಹಲೋ ಮೈಕ್ ಟೆಸ್ಟ್ ಅನ್ನುತ್ತಿದ್ದರು. ರಾತ್ರಿ ಎಂಟೂಕಾಲಿಗೆ ಪುಟ್ಟ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದ.

“ಭಾವ, ಇವತ್ತೊಂದು ದಿನ ಸೀರಿಯಲ್ ಬಿಟ್ಬಿಡಿ. ಎಂಟೂವರೆಗೆ ಸೋನಿಯವರದ್ದು ಇದೆ. ನಮ್ಮನೇಲಿ ಪಾಪು ಓದ್ಕೋತಾ ಇದಾಳೆ.”

ಸೀರಿಯಲ್ ನೋಡುವವಳು ಅವನ ಅಕ್ಕ, ನಾನಲ್ಲ. ಆದರೆ ಅಕ್ಕನಿಗೆ ಹೇಳಲು ಧೈರ್ಯ ಇಲ್ಲದ್ದನ್ನೆಲ್ಲ ಭಾವನಿಗೆ ಹೇಳುವುದು ಆ ಮನೆತನದ ಪದ್ಧತಿ. ಇಪ್ಪತ್ತೆಂಟು ವರ್ಷದಿಂದ ನನಗೂ ಅಭ್ಯಾಸವಾಗಿದೆ.

ಪರದೆಯ ಮೇಲೆ ಮಾರ್ಕ್ ಸರ್ನಿ ಬಂದರು. ಸೋನಿಯವರ ಪೆಟ್ಟಿಗೆಗಳಾದ ಪ್ಲೇಸ್ಟೇಷನ್ 4, ಪ್ಲೇಸ್ಟೇಷನ್ 5 ಎರಡರ ಒಳಗಿನ ಯಂತ್ರಕ್ಕೂ ನಕ್ಷೆ ಹಾಕಿದವರು ಅವರೇ ಅಂತ ಪುಟ್ಟ ಪರಿಚಯ ಮಾಡಿಕೊಟ್ಟ, ದೂರದ ನೆಂಟರನ್ನು ಪರಿಚಯಿಸುವ ಹಾಗೆ. ಮೆಲುದನಿಯ ಮನುಷ್ಯ. ರಕ್ತಪರೀಕ್ಷೆಯ ರಿಪೋರ್ಟು ಹಿಡಿದು “ಗಾಬರಿಯಾಗಬೇಡಿ” ಅನ್ನುವ ಡಾಕ್ಟರ ಹಾಗೆ ಮಾತು. ಹೊಸ ಪೆಟ್ಟಿಗೆಯ ಹೆಸರು ಪ್ಲೇಸ್ಟೇಷನ್ 5 ಪ್ರೊ. ಚಿತ್ರ ಮೂಡಿಸುವ ವೇಗ ಹಳೆಯದಕ್ಕಿಂತ ಶೇಕಡಾ 45 ಜಾಸ್ತಿ ಅಂದರು. ಆಮೇಲೆ ಪರದೆಯನ್ನು ಎರಡು ಪಾಲು ಮಾಡಿ, ಎಡಕ್ಕೆ ಹಳೆಯ ಪೆಟ್ಟಿಗೆಯ ಚಿತ್ರ, ಬಲಕ್ಕೆ ಹೊಸ ಪೆಟ್ಟಿಗೆಯ ಚಿತ್ರ ತೋರಿಸಿದರು.

ನನ್ನ ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದವಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದಳು. “ಎರಡೂ ಒಂದೇ ಅಲ್ವೇನೋ?”

ನಾನು ಕನ್ನಡಕ ಒರೆಸಿಕೊಂಡೆ. ಪುಟ್ಟ ಎದ್ದುಹೋಗಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತ.

“ಅಲ್ಲಿ ನೋಡಿ ಭಾವ. ಹಿಂದ್ಗಡೆ, ದೂರದಲ್ಲಿ ಜನ ನಿಂತಿದ್ದಾರಲ್ಲ. ಎಡಗಡೆ ಅವರ ಮುಖ ಕಲಸಿದ ಹಾಗಿದೆ. ಬಲಗಡೆ ಸ್ಪಷ್ಟವಾಗಿದೆ.”

“ಅವರು ಯಾರಪ್ಪ?”

“ಯಾರೂ ಅಲ್ಲ. ಮೆರವಣಿಗೆ ನೋಡೋಕೆ ಬಂದಿರೋ ಜನ.”

“ಅವರಿಂದ ಆಟದಲ್ಲಿ ಏನಾದರೂ ಆಗಬೇಕಾ?”

“ಏನೂ ಇಲ್ಲ.”

ಅಕ್ಕ ಹುರುಳಿಕಾಯಿಯ ನಾರು ಎಳೆದಳು. ಇಷ್ಟರಲ್ಲಿ ಪೆಟ್ಟಿಗೆಯನ್ನು ತೋರಿಸಿದರು. ಬಿಳಿ ಮೈ, ಅಡ್ಡಕ್ಕೆ ಮೂರು ಕಪ್ಪು ಗೆರೆ. ಶ್ರೀರಾಮ ಅಳಿಲಿನ ಬೆನ್ನು ಸವರಿದ್ದು ನನಗೆ ನೆನಪಾಯಿತು, ಹೇಳಲಿಲ್ಲ. ಆಗ ಬಂತು ಬೆಲೆ: 699.99 ಡಾಲರ್. ಸಿಡಿ ಹಾಕುವ ಡಿಸ್ಕ್ ಡ್ರೈವ್ ಅದರಲ್ಲಿ ಇಲ್ಲ. ಬೇಕಾದರೆ ಬೇರೆ 79.99 ಡಾಲರ್. ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡು ಬೇಕಾದರೆ ಅದಕ್ಕೆ ಇನ್ನೊಂದು 29.99. ಒಟ್ಟು ಒಂಬತ್ತು ನಿಮಿಷದ ಕಾರ್ಯಕ್ರಮ. ಪುಟ್ಟ ಮೊಬೈಲು ತೆಗೆದು ಎಂಬತ್ತನಾಲ್ಕರಿಂದ ಗುಣಿಸಿದ. ಐವತ್ತೆಂಟು ಸಾವಿರದ ಏಳುನೂರ ತೊಂಬತ್ತೊಂಬತ್ತು ಬಂತು. ಅದರ ಮೇಲೆ ನಮ್ಮ ಆಮದು ಸುಂಕ, ಜಿಎಸ್‌ಟಿ. ಅವನು ಕೂತ. ಎದುರಿಗಿದ್ದ ಚಕ್ಕುಲಿಯನ್ನು ಪುಡಿ ಮಾಡಿದ, ತಿನ್ನಲಿಲ್ಲ.

“ನಿಲ್ಲೋಕೂ ಬೇರೆ ದುಡ್ಡಾ?” ಅಂದ.

ಇದರಲ್ಲಿ ನಾನು ಅನುಭವಸ್ಥ. ಮಗಳ ಮದುವೆಗೆ ಛತ್ರ ಹಿಡಿದಾಗ ಬಾಡಿಗೆ ಒಂದು ಹೇಳಿದ್ದರು. ಆಮೇಲೆ ಪಾತ್ರೆ ಬೇರೆ, ಜನರೇಟರ್ ಬೇರೆ, ನೀರು ಬೇರೆ, ಕೊನೆಗೆ ಎಂಜಲೆಲೆ ಎತ್ತಿಸಿದ್ದಕ್ಕೆ ಬೇರೆ. ಸೋನಿಯವರು ಇನ್ನೂ ಎಂಜಲೆಲೆಯವರೆಗೆ ಬಂದಿಲ್ಲ ಅಂತ ಸಮಾಧಾನ ಹೇಳಿದೆ. ಅವನಿಗೆ ರುಚಿಸಲಿಲ್ಲ. ಎದ್ದು ನಿಂತು, ದೇವರ ಮನೆಯ ಬಾಗಿಲು ತೆರೆದೇ ಇದ್ದಾಗ, ಗಣಪತಿಯ ಸಮಕ್ಷಮ ಅಂದ: “ಸತ್ರೂ ತಗೊಳಲ್ಲ ಭಾವ!”

ಗಣಪತಿ ಈ ಮಾತನ್ನು ಎಷ್ಟು ಸಲ ಕೇಳಿದ್ದಾನೋ. ನಾನು ಕೇಳಿದ್ದು ಅದು ಐದನೆಯದು.

ಮೊದಲಿನಿಂದ ಹೇಳಬೇಕು. ನಾನು ಹೆಣ್ಣು ನೋಡಲು ಹಾಸನಕ್ಕೆ ಹೋದದ್ದು 1996ರಲ್ಲಿ. ನಡುಮನೆಯಲ್ಲಿ ಚಾಪೆ ಹಾಸಿದ್ದರು, ಉಪ್ಪಿಟ್ಟು ಕೇಸರಿಬಾತು ಬಂದಿತ್ತು, ಹುಡುಗಿ ಬರಬೇಕಿತ್ತು. ಹತ್ತು ವರ್ಷದ ಒಬ್ಬ ಹುಡುಗ ಮಾತ್ರ ಟಿವಿ ಮುಂದಿನಿಂದ ಏಳಲೊಲ್ಲ. ಆಗ ಎಲ್ಲ ಊರಿನಲ್ಲೂ ಸಿಗುತ್ತಿದ್ದ ಟಿವಿ ಗೇಮ್ ಅದು. 1983ರಲ್ಲಿ ಜಪಾನಿನ ನಿಂಟೆಂಡೊ ತಂದ ಫ್ಯಾಮಿಕಾಮ್ ಅನ್ನುವ ಪೆಟ್ಟಿಗೆಯ ನಕಲು. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರುತ್ತಿದ್ದರು, ಒಳಗೆ ಇರುತ್ತಿದ್ದದ್ದು ಒಂದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅವೇ ತಿರುಗಿ ತಿರುಗಿ. ಆಡದೆ ಮುಷ್ಕರ ಹೂಡಿದರೆ ಕ್ಯಾಸೆಟ್ಟು ತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸಬೇಕು. ಪುಟ್ಟ ನನ್ನನ್ನು ಮೊದಲು ನೋಡಿದ್ದು ಹಾಗೆ ಊದುತ್ತಿದ್ದ ಕೆನ್ನೆಯೊಂದಿಗೇ. “ಹೀರೋಗೆ ಇನ್ನೂ ಎರಡು ಲೈಫ್ ಇದೆ, ಆಮೇಲೆ ಏಳ್ತೀನಿ” ಅಂದ. ಹುಡುಗಿ ಬಂದು ಕೂತದ್ದು ಆ ಹೀರೋ ಮಾರಿಯೋ ಸತ್ತ ಮೇಲೆಯೇ. ನಮ್ಮ ಕಡೆಯಿಂದ ಬಂದಿದ್ದ ದೊಡ್ಡಪ್ಪ ಮೂರನೇ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತ “ಹುಡುಗಿ ಎತ್ತರ ಸಾಲದು, ಯೋಚನೆ ಮಾಡೋಣ” ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಅವರೇ, “ಈ ಸಂಬಂಧ ಬಿಟ್ಟರೆ ನಿನ್ನಂಥ ದಡ್ಡ ಇಲ್ಲ” ಅಂದರು. ಈ ದೊಡ್ಡಪ್ಪನ ವಿಷಯ ಮುಂದೆ ಬೇಕಾಗುತ್ತದೆ.

2006ರಲ್ಲಿ ಪುಟ್ಟ ಇಂಜಿನಿಯರಿಂಗ್ ಓದುತ್ತಿದ್ದ. ಸೋನಿಯವರು ಅಮೆರಿಕದ ವೇದಿಕೆಯ ಮೇಲೆ ಪ್ಲೇಸ್ಟೇಷನ್ 3ಕ್ಕೆ 599 ಡಾಲರ್ ಅಂದರು. ಪುಟ್ಟನ ಜೇಬಿನಲ್ಲಿ ಆಗ ಬಸ್ ಪಾಸ್ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಆದರೂ ಜೀವಮಾನದಲ್ಲಿ ಮುಟ್ಟಲ್ಲ ಅಂತ ಶಪಥ ಮಾಡಿದ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ಬಂತು, ಎರಡನೇ ಮೂರನೇ ಸಂಬಳದಲ್ಲಿ ಪ್ಲೇಸ್ಟೇಷನ್ 3. ಅದೇ 2006ರಲ್ಲಿ ನಿಂಟೆಂಡೊದವರು ತಮ್ಮ ಪೆಟ್ಟಿಗೆಗೆ ‘ವೀ’ ಅಂತ ಹೆಸರಿಟ್ಟಾಗ ಅವನ ಹಾಸ್ಟೆಲಿನಲ್ಲಿ ಒಂದು ವಾರ ನಗುವೋ ನಗು. ಇಂಗ್ಲಿಷ್ ಬಲ್ಲವರಿಗೆ ಅದು ಮಕ್ಕಳ ಉಚ್ಚೆಯ ಶಬ್ದ. ಈ ಹೆಸರಿಟ್ಟವರು ದಿವಾಳಿ ಅಂತ ಅವನೇ ತೀರ್ಪು ಕೊಟ್ಟಿದ್ದ. ಅದು ಹತ್ತು ಕೋಟಿಗೂ ಮೀರಿ ಮಾರಾಟವಾಯಿತು, ಅದರಲ್ಲಿ ಒಂದು ಈಗಲೂ ಅವನ ಅಟ್ಟದ ಮೇಲಿದೆ.

ಇವನ ಸ್ನೇಹಿತರದ್ದೊಂದು ವಾಟ್ಸಾಪ್ ಗುಂಪಿದೆ, ಹೆಸರು ಪಾಂಡವರು. ಇರುವವರು ನಾಲ್ವರೇ, ಐದನೆಯವನು ಮದುವೆಯಾದ ಮೇಲೆ ಆಟ ಬಿಟ್ಟನಂತೆ. ಪುಟ್ಟ ಸೋನಿಯ ಪಕ್ಷ. ವಿಜಯನಗರದವನೊಬ್ಬ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಪಕ್ಷ. ಮಂಗಳೂರಿನವನೊಬ್ಬ ನಿಂಟೆಂಡೊ, ಅವನು ಯಾರ ಜಗಳಕ್ಕೂ ಬರುವುದಿಲ್ಲ, ಸುಖವಾಗಿದ್ದಾನೆ. ನಾಲ್ಕನೆಯವನು ಕಂಪ್ಯೂಟರಿನಲ್ಲಿ ಆಡುವವನು. ಪೆಟ್ಟಿಗೆಗಳೆಲ್ಲ ಮಾಯೆ, ಪಿಸಿಯೊಂದೇ ಸತ್ಯ ಅನ್ನುವ ಅದ್ವೈತಿ. ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತಂದು ತಾನೇ ಜೋಡಿಸುತ್ತಾನೆ. ಅವನ ಗ್ರಾಫಿಕ್ಸ್ ಕಾರ್ಡಿನ ಬೆಲೆಯಲ್ಲಿ ಪುಟ್ಟನ ಎರಡು ಪೆಟ್ಟಿಗೆ ಬರುತ್ತವೆ. ಆದರೂ ಬೆಲೆ ಜಾಸ್ತಿಯಾಯಿತು ಅಂತ ಎಲ್ಲರಿಗಿಂತ ಮೊದಲು ಕೂಗುವವನು ಅವನೇ. ಪಾಪ ಅನ್ನಿಸುವುದು ಎಕ್ಸ್‌ಬಾಕ್ಸಿನವನನ್ನು ಕಂಡರೆ. 2024ರ ಶುರುವಿನಲ್ಲಿ ಮೈಕ್ರೋಸಾಫ್ಟಿನವರು ತಮ್ಮದೇ ನಾಲ್ಕು ಆಟಗಳನ್ನು ಎದುರು ಪಕ್ಷದ ಪೆಟ್ಟಿಗೆಗಳಿಗೂ ಬಿಟ್ಟುಕೊಟ್ಟರು. ನಮ್ಮ ರಾಜ್ಯದಲ್ಲಿ ಹೀಗೆ ನಾಲ್ಕು ಜನ ಆ ಕಡೆ ಹೋಗಬೇಕಾದರೆ ರೆಸಾರ್ಟು, ಬಸ್ಸು, ಪೊಲೀಸ್ ಬಂದೋಬಸ್ತು ಎಲ್ಲ ಬೇಕು. ಅಲ್ಲಿ ಪಕ್ಷದ ಅಧ್ಯಕ್ಷರೇ ಬೀಳ್ಕೊಟ್ಟು ಕಳಿಸಿದರು. ಆ ದಿನ ವಿಜಯನಗರದವನು ಗುಂಪಿನಲ್ಲಿ ಒಂದೂ ಸಂದೇಶ ಹಾಕಲಿಲ್ಲ, ಗುಡ್ ಮಾರ್ನಿಂಗ್ ಕೂಡ.

ಇನ್ನು 2020ರ ಕಥೆ. ಜೂನ್ ತಿಂಗಳು, ಕೊರೊನಾ, ಎಲ್ಲರೂ ಮನೆಯಲ್ಲಿ. ಪ್ಲೇಸ್ಟೇಷನ್ 5ರ ರೂಪವನ್ನು ಮೊದಲು ತೋರಿಸಿದಾಗ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಬೆಳಗ್ಗೆ ಹಾಲು ತರಲು ಹೊರಟವನಿಗೆ ಪುಟ್ಟ ಮೆಟ್ಟಿಲ ಮೇಲೆ ಸಿಕ್ಕಿದ, ನಿದ್ದೆಗೆಟ್ಟ ಕಣ್ಣು. “ನೋಡಿ ಭಾವ, ಇದು ಕನ್ಸೋಲಾ? ನಮ್ಮನೆ ವೈಫೈ ಡಬ್ಬಿ!” ಲೋಕದ ಗೇಮರುಗಳೆಲ್ಲ ಆ ರಾತ್ರಿ ಅದನ್ನೇ ಅಂದಿದ್ದರಂತೆ. ಎಕ್ಸ್‌ಬಾಕ್ಸಿನ ಹೊಸ ಪೆಟ್ಟಿಗೆ ಕಪ್ಪಗೆ ಚೌಕಾಕಾರವಾಗಿತ್ತು, ಅದನ್ನು ಫ್ರಿಜ್ ಅಂದರು. ಮೈಕ್ರೋಸಾಫ್ಟಿನವರು ಬೈಸಿಕೊಂಡು ಸುಮ್ಮನಿರಲಿಲ್ಲ. ಅದೇ ಆಕಾರದ ನಿಜವಾದ ಫ್ರಿಜ್ಜನ್ನೇ ಮಾಡಿಸಿದರು, ಮುಂದಿನ ವರ್ಷ ಅದರ ಪುಟ್ಟ ಮಾದರಿಯನ್ನು ಮಾರಾಟಕ್ಕೂ ಇಟ್ಟರು. ಬೈದವರೇ ಸಾಲುಗಟ್ಟಿ ಕೊಂಡರು. ವ್ಯಾಪಾರ ಅಂದರೆ ಇದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತ ನನಗೆ ಇಂಥ ಬುದ್ಧಿ ಒಂದು ದಿನವೂ ಹೊಳೆಯಲಿಲ್ಲ.

ಮೂವತ್ತೊಂಬತ್ತು ಸೆಂಟಿಮೀಟರ್ ಎತ್ತರ, ನಾಲ್ಕೂವರೆ ಕಿಲೋ ತೂಕದ ಆ ವೈಫೈ ಡಬ್ಬಿಯನ್ನು ಸತ್ತರೂ ತಗೊಳಲ್ಲ ಅಂದಿದ್ದವನು 2021ರ ಜನವರಿ 12ರಂದು ಆಫೀಸಿಗೆ ಜ್ವರ ಅಂತ ಹೇಳಿದ. ಭಾರತದಲ್ಲಿ ಮುಂಗಡ ಬುಕಿಂಗ್ ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ. ಬೆಲೆ 49,990. ಹನ್ನೊಂದೂವರೆಗೇ ನಮ್ಮ ನಡುಮನೆ ವಾರ್ ರೂಮ್ ಆಗಿತ್ತು. ಪುಟ್ಟನ ಮುಂದೆ ಎರಡು ಲ್ಯಾಪ್‌ಟಾಪು, ಅವನ ಹೆಂಡತಿಯ ಕೈಲೊಂದು ಮೊಬೈಲು, ನನ್ನ ಕೈಲೊಂದು. ನನಗೆ ಕೊಟ್ಟಿದ್ದ ಕೆಲಸ ಒಂದೇ: ಹನ್ನೆರಡು ಹೊಡೆದ ಕ್ಷಣದಿಂದ ಪರದೆಯನ್ನು ಮೇಲಿಂದ ಕೆಳಗೆ ಎಳೆಯುತ್ತಿರುವುದು. ಎಳೆದೆ. ಚಕ್ರ ತಿರುಗಿತು. ಮತ್ತೆ ಎಳೆದೆ. ಇದ್ದಕ್ಕಿದ್ದಂತೆ ನನ್ನ ಮೊಬೈಲಿನಲ್ಲಿ ಹಳದಿ ಬಟನ್ ಬಂತು.

“ಒತ್ತಿ ಭಾವ, ಒತ್ತಿ!”

ಒತ್ತಿದೆ. ವಿಳಾಸ ಬಂತು, ಕಾರ್ಡಿನ ನಂಬರು ಹಾಕಿದ. ಒಟಿಪಿ ಕಳಿಸಿದ್ದೇವೆ ಅಂತ ಬಂತು. ಆ ಖಾತೆ ತೆರೆದದ್ದು ಅಕ್ಕನ ನಂಬರಿನಲ್ಲಿ. ಅಕ್ಕ ದೇವರ ಮನೆಯಲ್ಲಿ. ಸಂಕ್ರಾಂತಿಗೆ ಎರಡೇ ದಿನ, ಬೆಳ್ಳಿ ಸಾಮಾನು ತೊಳೆದು ಒರೆಸಿಡುತ್ತಿದ್ದಳು. ಮಡಿ. ಮೊಬೈಲು ಹೊರಗೆ, ಚಾರ್ಜಿಗೆ, ಬೀಗ ಹಾಕಿಕೊಂಡಿದೆ. ಬೀಗ ತೆರೆಯಲು ಅವಳ ಬೆರಳೇ ಆಗಬೇಕು. ಪುಟ್ಟ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮನೆಯ ಹೊಸ್ತಿಲಿನಾಚೆ ಚಾಚಿ ನಿಂತ ದೃಶ್ಯ ನನ್ನ ಕಣ್ಣಿಗೆ ಕಟ್ಟಿದೆ. ಒಂದು ತಟ್ಟೆ, ಒಂದು ತೆಂಗಿನಕಾಯಿ ಇದ್ದಿದ್ದರೆ ಹರಕೆ ಒಪ್ಪಿಸುವವನೇ. “ಅಕ್ಕಾ, ಒಂದೇ ಒಂದು ಬೆರಳು!” ಅವಳ ಬೆರಳಿಗೆ ಹುಣಿಸೆಹಣ್ಣು ಮೆತ್ತಿತ್ತು. ತೊಳೆದು, ಸೆರಗಿಗೆ ಒರೆಸಿ, ಒತ್ತಿ, ಆ ಆರು ಅಂಕಿ ಸಿಗುವ ಹೊತ್ತಿಗೆ ಸ್ಟಾಕ್ ಖಾಲಿ ಅಂತ ಬಂದಿತ್ತು. ಗಡಿಯಾರದಲ್ಲಿ ಹನ್ನೆರಡು ಗಂಟೆ ಆರು ನಿಮಿಷ.

ಒಂದು ವಾರ ಅಕ್ಕ ತಮ್ಮ ಮಾತಾಡಲಿಲ್ಲ. ಏಪ್ರಿಲಿನಲ್ಲಿ ಮೆಜೆಸ್ಟಿಕ್ ಹತ್ತಿರದ ಯಾವುದೋ ಸಂದಿಯಿಂದ ಒಂದು ಪೆಟ್ಟಿಗೆ ಬಂತು. ಎಷ್ಟು ಕೊಟ್ಟೆ ಅಂತ ನಾನು ಕೇಳಿದೆ. “ಎಂಆರ್‌ಪಿಗಿಂತ ಸ್ವಲ್ಪ ಜಾಸ್ತಿ” ಅಂದ. ಆ ಸ್ವಲ್ಪದಲ್ಲಿ ನಮ್ಮ ಮನೆಗೆ ಒಂದು ವಾಷಿಂಗ್ ಮಷಿನ್ ಬರುತ್ತಿತ್ತು.

ಇಷ್ಟು ಕಷ್ಟಪಟ್ಟು ತಂದದ್ದನ್ನು ಅವನು ಎಷ್ಟು ಆಡುತ್ತಾನೆ? ಕೇಳಬಾರದ ಪ್ರಶ್ನೆ. ಅವನ ಶೆಲ್ಫಿನಲ್ಲಿ ನಲವತ್ತು ಚಿಲ್ಲರೆ ಡಿಸ್ಕುಗಳಿವೆ, ಧೂಳು ಕೂರದ ಹಾಗೆ, ಅಕಾರಾದಿಯಾಗಿ. ಅರ್ಧಕ್ಕರ್ಧದ ಮೇಲಿನ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಒಮ್ಮೆ ರಾತ್ರಿ ಬಾಡಿಗೆ ಕರಾರಿನ ಕಾಗದವೊಂದಕ್ಕೆ ಮೇಲೆ ಹೋಗಿದ್ದೆ. ಮಗು ಮಲಗಿತ್ತು. ಪುಟ್ಟ ಕಾಲು ಚಾಚಿ, ತಲೆಗೆ ಹೆಡ್‌ಫೋನು, ಕೈಲಿ ಆಟದ ಹಿಡಿ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಆಮೆಯ ಹಾಗೆ ಸರಿಯುತ್ತಿತ್ತು: ಅಪ್‌ಡೇಟ್ ಆಗುತ್ತಿದೆ, ಇನ್ನೂ 47 ನಿಮಿಷ. ನಾನು ಕಾಗದ ಹುಡುಕಿ, ನೀರು ಕುಡಿದು ಬಂದೆ. 44 ನಿಮಿಷ. ಲೋಕ ಕಾಪಾಡಬೇಕಾದ ಕಾಲಭೈರವನ ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ. ಹಿಡಿಯನ್ನು ಮೆಲ್ಲಗೆ ತೆಗೆದು ಬದಿಗಿಟ್ಟೆ. ಹೆಬ್ಬೆರಳು ಇನ್ನೂ ಏನನ್ನೋ ಒತ್ತುತ್ತಿತ್ತು.

ಅದಕ್ಕೇ ನನಗನ್ನಿಸುವುದು, ಈ ವಯಸ್ಸಿನ ಗೇಮರಿಗೆ ಹೊಸ ಪೆಟ್ಟಿಗೆಯ ಸುದ್ದಿಯೇ ಆಟ. ಅದಕ್ಕೆ ಅಪ್‌ಡೇಟ್ ಬೇಡ, ಮಗು ಮಲಗುವುದನ್ನು ಕಾಯಬೇಕಿಲ್ಲ. ಮೀಟಿಂಗಿನ ಮಧ್ಯದಲ್ಲೇ ಮೇಜಿನ ಕೆಳಗೆ ಆಡಬಹುದು. ಬೈದರೆ ಒಂದು ಅಂಕ, ಬೆಲೆ ಗುಣಿಸಿದರೆ ಎರಡು ಅಂಕ, ಸತ್ತರೂ ತಗೊಳಲ್ಲ ಅಂದರೆ ಮುಂದಿನ ಹಂತ.

ಮುಂದಿನ ಹಂತ ಒಂಬತ್ತೇ ದಿನಕ್ಕೆ ಬಂತು. ಸೆಪ್ಟೆಂಬರ್ 19. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದು ಮೂವತ್ತು ವರ್ಷವಾಗುತ್ತದೆಂದು, ಆ ಹಳೆಯ ಬೂದು ಬಣ್ಣ ಬಳಿದ ಪ್ರೊ ಪೆಟ್ಟಿಗೆಯ ವಿಶೇಷ ಕಟ್ಟೊಂದನ್ನು ಸೋನಿ ಪ್ರಕಟಿಸಿತು. ಲೋಕಕ್ಕೆಲ್ಲ ಸೇರಿ 12,300 ಮಾತ್ರ. ಮೊದಲ ಪೆಟ್ಟಿಗೆ ಮಾರಾಟಕ್ಕೆ ಬಂದ ಡಿಸೆಂಬರ್ 3ರ ಲೆಕ್ಕ ಅದು, ಹನ್ನೆರಡನೇ ತಿಂಗಳು ಮೂರನೇ ತಾರೀಕು. ಅದರಲ್ಲೂ ಡಿಸ್ಕ್ ಡ್ರೈವ್ ಇಲ್ಲ. ಡ್ರೈವಿನ ಮೇಲೆ ಹಾಕುವ ಬೂದು ಮುಚ್ಚಳ ಮಾತ್ರ ಉಂಟು. ಮುಚ್ಚಳ ಕೊಡ್ತಾರೆ, ಪಾತ್ರೆ ಕೊಡಲ್ಲ. ಇದಕ್ಕೆ ಪುಟ್ಟ ಏನೇನು ಬೈಯುತ್ತಾನೋ ಅಂತ ನಾನು ಕಾಯುತ್ತಿದ್ದರೆ, ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ. “ಆ ಬಣ್ಣ ನೋಡಿ ಭಾವ. ಬಾಲ್ಯವೇ ಎದುರಿಗೆ ಬಂದ ಹಾಗಾಗುತ್ತೆ.”

ಹಾಸನದ ಮನೆಗೆ ಮೊದಲ ಪ್ಲೇಸ್ಟೇಷನ್ ಬಂದೇ ಇರಲಿಲ್ಲ. ಅವನ ಬಾಲ್ಯ ಕೆಂಪು ಬಿಳಿಯ ನಕಲಿ ಡಬ್ಬಿ, ನಾನೇ ಸಾಕ್ಷಿ. ಬೇರೆಯವರ ಬಾಲ್ಯಕ್ಕೆ ಕಣ್ಣೀರಿಡುತ್ತಿದ್ದ ಮನುಷ್ಯನನ್ನು ನಡುವೆ ತಡೆಯುವುದು ಸರಿಯಲ್ಲ ಅಂತ ಸುಮ್ಮನಾದೆ.

ಅಕ್ಟೋಬರಿನಲ್ಲಿ ಅವನ ಹೆಂಡತಿ ನನ್ನ ಹೆಂಡತಿಗೆ ಅಡುಗೆಮನೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. “ಅತ್ತಿಗೆ, ಅವರು ಬೈಯೋಕೆ ಶುರು ಮಾಡಿದ ದಿನವೇ ನಂಗೆ ಗೊತ್ತಾಯ್ತು. ಸುಮ್ಮನಿದ್ದರೆ ಭಯ ಇಲ್ಲ, ಬೈದರೆ ಎಫ್‌ಡಿಗೆ ಕುತ್ತು. ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಮಾಡಿಟ್ಟಿದ್ದಾರೆ, ಹನ್ನೆರಡು ಕಂತು, ಹಳೇದು ಮಾರಿದ್ರೆ ಎಷ್ಟು ಅಂತ.” ಆ ಎಕ್ಸೆಲ್ ಕಡತಕ್ಕೆ ಪುಟ್ಟ ಇಟ್ಟಿದ್ದ ಹೆಸರು ‘ಪಾಪು ಸ್ಕೂಲ್ ಫೀ’.

ನವೆಂಬರ್ 7ರಂದು ಪ್ರೊ ಪೆಟ್ಟಿಗೆ ಬೇರೆ ದೇಶಗಳಲ್ಲಿ ಅಂಗಡಿಗೆ ಬಂತು. ಭಾರತಕ್ಕೆ ಬರಲಿಲ್ಲ. ಕಾರಣ ಬೆಲೆಯಲ್ಲ, ಸುಂಕವಲ್ಲ, ಗಾಳಿ. ಆ ಪೆಟ್ಟಿಗೆಯೊಳಗಿರುವುದು ವೈಫೈ 7. ಅದು ಬಳಸುವ 6 ಗಿಗಾಹರ್ಟ್ಸ್ ತರಂಗಗಳನ್ನು ಆಗ ನಮ್ಮಲ್ಲಿ ಇನ್ನೂ ವೈಫೈಗೆ ಬಿಟ್ಟುಕೊಟ್ಟಿರಲಿಲ್ಲ. ಮೊಬೈಲ್ ಕಂಪನಿಗಳಿಗೂ ಅದೇ ತರಂಗದ ಮೇಲೆ ಕಣ್ಣಿತ್ತು. ಅಲ್ಲಿಯವರೆಗೆ ಪೇಪರಿನಲ್ಲಿ ಕ್ರಿಕೆಟ್ ಪುಟ ಬಿಟ್ಟು ಬೇರೆ ಓದದಿದ್ದ ಪುಟ್ಟ ತರಂಗಾಂತರ ಹಂಚಿಕೆ, ದೂರಸಂಪರ್ಕ ಇಲಾಖೆ, ಪರವಾನಗಿ ಅಂತ ಮಾತಾಡತೊಡಗಿದ. ಸತ್ತವರ ಮನೆಯಲ್ಲಿ ಕೂರುವ ಹಾಗೆ ನಮ್ಮ ಸೋಫಾದ ತುದಿಯಲ್ಲಿ ಕೂತ.

“ನೀನೇ ತಗೊಳಲ್ಲ ಅಂದಿದ್ದೆಯಲ್ಲೋ” ಅಂದಳು ಅಕ್ಕ.

“ನಾನು ಬೇಡ ಅನ್ನೋದು ಬೇರೆ ಅಕ್ಕ. ಅವರು ಕೊಡಲ್ಲ ಅನ್ನೋದು ಬೇರೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ: “ರಾಕ್‌ಸ್ಟಾರ್‌ನವರ ಗೇಮ್ ಮಾಡೋ ಸ್ಟುಡಿಯೋ ಇಲ್ಲೇ ಬೆಂಗಳೂರಲ್ಲಿದೆ ಭಾವ. ಲೋಕವೆಲ್ಲ ಆಡೋ ಆಟಗಳಿಗೆ ನಮ್ಮವರು ದುಡೀತಾರೆ. ಆಡೋ ಪೆಟ್ಟಿಗೆ ಮಾತ್ರ ನಮಗಿಲ್ಲ!”

ಹೆಣ್ಣು ಎತ್ತರ ಸಾಲದು ಅಂದಿದ್ದ ನಮ್ಮ ದೊಡ್ಡಪ್ಪ ನೆನಪಿದ್ದಾರಲ್ಲ. ಹಾಸನದಿಂದ ಒಪ್ಪಿಗೆಯ ಕಾಗದ ಬರುವುದು ಹದಿನೈದು ದಿನ ತಡವಾದಾಗ, ಆ ಹದಿನೈದು ದಿನವೂ ಅವರು ಗೇಟಿನ ಹತ್ತಿರ ಪೋಸ್ಟ್‌ಮ್ಯಾನನ್ನು ಕಾಯುತ್ತ ನಿಲ್ಲುತ್ತಿದ್ದರು. “ನಮ್ಮನ್ನೇ ಬೇಡ ಅಂತಾರೇನೋ! ನಮ್ಮ ಹುಡುಗನಿಗೆ ಏನು ಕಮ್ಮಿಯಾಗಿದೆ?” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದರು. ಪುಟ್ಟನನ್ನು ನೋಡಿದಾಗ ನನಗೆ ಅದೇ ಗೇಟು ಕಂಡಿತು.

ಆಮೇಲೆ 2025ರ ಜನವರಿ ಬಂತು. ಹದಿನಾರನೇ ತಾರೀಕು ನಿಂಟೆಂಡೊದವರು ಸ್ವಿಚ್ 2 ಅಂತ ಹೊಸ ಪೆಟ್ಟಿಗೆಯನ್ನು ಎರಡು ನಿಮಿಷ ಚಿಲ್ಲರೆಯ ಚಿತ್ರದಲ್ಲಿ ತೋರಿಸಿದರು. ಬೆಲೆ ಹೇಳಲಿಲ್ಲ, ತಾರೀಕು ಹೇಳಲಿಲ್ಲ. ವಿವರಕ್ಕೆ ಏಪ್ರಿಲ್ 2ರವರೆಗೆ ಕಾಯಿರಿ ಅಂದರು. ಹದಿನಾಲ್ಕು ಕೋಟಿಗೂ ಹೆಚ್ಚು ಮಾರಾಟವಾದ ಹಳೆಯ ಸ್ವಿಚ್ಚನ್ನೇ ಹಿಗ್ಗಿಸಿದ ಹಾಗಿತ್ತು. ಭಾರತದಲ್ಲಿ ಆಗ ನಿಂಟೆಂಡೊಗೆ ಅಧಿಕೃತ ವ್ಯಾಪಾರವೇ ಇರಲಿಲ್ಲ. ಮಂಗಳೂರಿನವನು ಮಾತ್ರ ಗುಂಪಿನಲ್ಲಿ ಒಂದು ನಗುವಿನ ಚಿತ್ರ ಹಾಕಿ ಸುಮ್ಮನಾದನಂತೆ. ಪುಟ್ಟ ಮೆಟ್ಟಿಲಿಳಿದು ಬಂದ.

“ಹೊಸತು ಅಂತ ಏನಿದೆ ಭಾವ ಅದರಲ್ಲಿ? ಹಳೇದನ್ನೇ ಲಟ್ಟಿಸಿದ್ದಾರೆ. ಬೆಲೆಯೂ ಜಾಸ್ತಿ.”

“ಬೆಲೆ ಇನ್ನೂ ಹೇಳೇ ಇಲ್ವಲ್ಲೋ?”

“ಹೇಳಿದ ಮೇಲೆ ಜಾಸ್ತಿ ಇರುತ್ತೆ.”

ಮೇಲಿನಿಂದ ಅವನ ಹೆಂಡತಿ ಬ್ಯಾಂಕಿನ ಪಾಸ್‌ಬುಕ್ಕು ಎತ್ತಿಟ್ಟ ಸದ್ದು ಕೇಳಿಸಿತು. ನನ್ನ ಭ್ರಮೆಯೂ ಇರಬಹುದು.

ಓದುಗರಲ್ಲಿ ಒಂದು ವಿನಂತಿ. ದುಬೈಯಿಂದಲೋ ಸಿಂಗಪುರದಿಂದಲೋ ಯುಗಾದಿಯೊಳಗೆ ಬೆಂಗಳೂರಿಗೆ ಬರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಸೂಟ್‌ಕೇಸಿನಲ್ಲಿ ಜಾಗವಿದ್ದರೆ, ದಯವಿಟ್ಟು ತಿಳಿಸಿ. ಪ್ಲೇಸ್ಟೇಷನ್ 5 ಪ್ರೊ, ಬರೀ 3.1 ಕಿಲೋ. ಕಸ್ಟಮ್ಸಿನಲ್ಲಿ ಏನು ಸುಂಕ ಹಾಕುತ್ತಾರೋ ಅದನ್ನು ಅವನೇ ಕಟ್ಟುತ್ತಾನಂತೆ. ಡಿಸ್ಕ್ ಡ್ರೈವ್ ಬೇಡವಂತೆ, ಅದಕ್ಕೆ ಬೇರೆ ದುಡ್ಡು ಕೊಡುವುದು ತತ್ವದ ಪ್ರಶ್ನೆಯಂತೆ. ತಡೆಯಿರಿ, ಮೆಟ್ಟಿಲ ಮೇಲಿಂದ ಕೂಗುತ್ತಿದ್ದಾನೆ. ಡ್ರೈವೂ ಬೇಕಂತೆ. ಸ್ಟ್ಯಾಂಡೂ.